ಅರ್ಧ ಮಿಲಿಮೀಟರಿನ ತೀರ್ಮಾನ

ಮೇಲಿನ ಸಾಲಿನ ನಟ್ಟನಡುವಿನ ಎರಡು ಬಾಚಿ ಹಲ್ಲುಗಳು ಎದುರಿಗಿರುವವರ ಕಣ್ಣಿಗೆ ಮೊದಲು ಬೀಳುತ್ತವೆ. ಮಾತಾಡಿದರೆ ಅರೆಬರೆ ಕಾಣುತ್ತವೆ, ನಕ್ಕರೆ ಪೂರ್ತಿ. ಆ ಎರಡರಲ್ಲಿ ಒಂದರ ಮೇಲೆ ಮಾತ್ರ ಸುಣ್ಣ ಬಳಿದಂಥ ಬಿಳಿ ಮಚ್ಚೆಯಿದ್ದರೆ, ಚಿಕ್ಕಂದಿನಲ್ಲಿ ಬಿದ್ದು ಮೂಲೆಯ ಚಕ್ಕೆ ಹಾರಿಹೋಗಿದ್ದರೆ, ಇಲ್ಲವೇ ಹಳೆಯ ಪೆಟ್ಟಿನಿಂದ ಬಣ್ಣ ಕಂದಿದ್ದರೆ ಆ ಒಂದು ಹಲ್ಲೇ ಇಡೀ ಮುಖವನ್ನು ಆಳತೊಡಗುತ್ತದೆ. ಫೋಟೊಗೆ ನಿಂತಾಗ ತುಟಿ ಬಿಗಿಹಿಡಿಯುವವರು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ಇಂಥವರು ಇವತ್ತು ದಂತವೈದ್ಯರ ಬಳಿ ಹೋದರೆ ಸಿಗಬಹುದಾದ ಸಲಹೆಗಳಲ್ಲಿ ಪಿಂಗಾಣಿಯ ವೆನೀರ್ ಒಂದು. ಹಲ್ಲಿನ ಮುಂಬದಿಯನ್ನು ತುಸು ತೇಯ್ದು, ಅಳತೆ ತೆಗೆದು, ಲ್ಯಾಬಿನಲ್ಲಿ ತಯಾರಾದ ಉಗುರಿನಷ್ಟು ತೆಳ್ಳನೆಯ ಪಿಂಗಾಣಿ ಹಾಳೆಯನ್ನು ಅದರ ಮೇಲೆ ಅಂಟಿಸುವುದು ಈ ಚಿಕಿತ್ಸೆ. ಕೆಲವೇ ಭೇಟಿಗಳಲ್ಲಿ ಮುಗಿಯುತ್ತದೆ, ಚೆನ್ನಾಗಿ ಮಾಡಿದರೆ ಅಸಲಿ ಹಲ್ಲಿನ ಹಾಗೇ ಹೊಳೆಯುತ್ತದೆ. ಹಾಗಾದರೆ ಹಾಕಿಸಿಕೊಂಡುಬಿಡಬಹುದೇ? ವೆನೀರ್ ಉತ್ತಮ ಚಿಕಿತ್ಸೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ನನ್ನ ವಾದ ಸರದಿಯ ಬಗ್ಗೆ. ಒಂದೇ ಒಂದು ಮುಂದಿನ ಹಲ್ಲಿನ ವಿಷಯ ಬಂದಾಗ, ಹಲ್ಲನ್ನು ತೇಯದೆ ಮಾಡಬಹುದಾದ ಉಪಾಯಗಳೆಲ್ಲ ಮುಗಿದ ಮೇಲಷ್ಟೇ ವೆನೀರ್‌ನ ಸರದಿ ಬರಬೇಕು. ಯಾಕೆ ಎನ್ನುವುದಕ್ಕೆ ಹಲ್ಲಿನ ರಚನೆಯಲ್ಲೂ, ಅಂಟಿನ ರಸಾಯನಶಾಸ್ತ್ರದಲ್ಲೂ, ನಮ್ಮ ಕಣ್ಣಿನ ಸೂಕ್ಷ್ಮತೆಯಲ್ಲೂ ಪುರಾವೆಗಳಿವೆ.

ಮೊದಲು ಆ ತೇಯುವ ಪದರದ ವಿಚಾರ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು. ತೂಕದ ಲೆಕ್ಕದಲ್ಲಿ ಅದರ ಶೇಕಡಾ 96ರಷ್ಟು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಹರಳುಗಳು. ಉಳಿದದ್ದು ನೀರು ಮತ್ತು ಚೂರುಪಾರು ಪ್ರೋಟೀನ್. ಇದನ್ನು ಕಟ್ಟುವ ಜೀವಕೋಶಗಳಿಗೆ ಅಮೆಲೊಬ್ಲಾಸ್ಟ್ ಎಂದು ಹೆಸರು. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಅವು ಎನಾಮಲ್ಲನ್ನು ಪದರಪದರವಾಗಿ ಹಾಸುತ್ತ ಹಿಂದಕ್ಕೆ ಸರಿಯುತ್ತವೆ, ಹಲ್ಲು ವಸಡನ್ನು ಸೀಳಿ ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಸುಲಿದರೆ ಹೊಸದು ಬರುತ್ತದೆ. ಎನಾಮಲ್ಲಿಗೆ ಆ ಭಾಗ್ಯವಿಲ್ಲ, ಅದನ್ನು ಕಟ್ಟುವವರೇ ಉಳಿದಿರುವುದಿಲ್ಲ. ಜೊಲ್ಲಿನಲ್ಲಿರುವ ಖನಿಜ ಮತ್ತು ಟೂತ್‌ಪೇಸ್ಟಿನ ಫ್ಲೋರೈಡ್ ಮೇಲ್ಮೈಯ ಸಣ್ಣ ಸವೆತವನ್ನು ಸರಿಪಡಿಸಬಲ್ಲವೇ ಹೊರತು ಡ್ರಿಲ್ ತೇಯ್ದ ದಪ್ಪವನ್ನು ಮತ್ತೆ ಬೆಳೆಸಲಾರವು. ಎನಾಮಲ್ಲಿನ ಕೆಳಗಿರುವ ಡೆಂಟಿನ್ ಬೇರೆಯದೇ ವಸ್ತು. ಅದರಲ್ಲಿ ಖನಿಜ ಸುಮಾರು ಶೇಕಡಾ 70, ಉಳಿದದ್ದು ಕೊಲಾಜನ್ ನಾರು ಮತ್ತು ನೀರು. ಅದರ ತುಂಬ ಒಳಗಿನ ನರದ ಕಡೆಗೆ ಹೋಗುವ ಸೂಕ್ಷ್ಮ ನಾಳಗಳಿವೆ. ತಣ್ಣೀರು ಕುಡಿದಾಗ ಜುಂ ಎನ್ನುವುದು ಈ ನಾಳಗಳು ತೆರೆದುಕೊಂಡಾಗ. ಎನಾಮಲ್ ಗಡುಸು, ಬಾಗುವುದಿಲ್ಲ. ಡೆಂಟಿನ್ ಹಸಿ, ಕಚ್ಚಿದಾಗ ತುಸು ಬಾಗುತ್ತದೆ. ಮುಂದಿನ ಲೆಕ್ಕಕ್ಕೆಲ್ಲ ಈ ವ್ಯತ್ಯಾಸವೇ ಆಧಾರ.

ವೆನೀರ್‌ನ ಹುಟ್ಟು ಸಿನಿಮಾ ಸೆಟ್ಟಿನಲ್ಲಿ ಆಯಿತು. 1930ರ ದಶಕದ ಹಾಲಿವುಡ್‌ನಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ನಟನಟಿಯರ ಹಲ್ಲಿನ ಮೇಲೆ ಕೂರುವ ತೆಳು ಹಾಳೆಗಳನ್ನು ಮಾಡಿಕೊಡುತ್ತಿದ್ದ. ಕಟ್ಟು ಹಲ್ಲಿಗೆ ಬಳಸುವ ಅಂಟುಪುಡಿಯಿಂದ ಅವನ್ನು ನಿಲ್ಲಿಸುತ್ತಿದ್ದರು, ಚಿತ್ರೀಕರಣ ಮುಗಿದ ಮೇಲೆ ತೆಗೆದಿಡುತ್ತಿದ್ದರು. ಹಲ್ಲನ್ನು ತೇಯುವ ಮಾತೇ ಇರಲಿಲ್ಲ. ಕಾಯಂ ಆಗಿ ಅಂಟಿಸುವ ದಾರಿ ತೆರೆದದ್ದು 1955ರಲ್ಲಿ. ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಮೈಕೆಲ್ ಬ್ಯೂನೊಕೋರ್‌ಗೆ ಕೈಗಾರಿಕೆಯ ಒಂದು ಪದ್ಧತಿ ಗೊತ್ತಿತ್ತು: ಲೋಹಕ್ಕೆ ಬಣ್ಣ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಅದನ್ನೇ ಆತ ಹಲ್ಲಿನ ಮೇಲೆ ಪ್ರಯೋಗಿಸಿದ. ಅರ್ಧ ನಿಮಿಷ ಆಮ್ಲ ಸವರಿ ತೊಳೆದರೆ ಎನಾಮಲ್ ಹರಳುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬೀಳುತ್ತವೆ. ದ್ರವರೂಪದ ರಾಳ ಅವುಗಳೊಳಗೆ ಇಳಿದು ಗಟ್ಟಿಯಾದರೆ ಸಾವಿರಾರು ಬೇರು ಬಿಟ್ಟಂತೆ ಕಚ್ಚಿ ನಿಲ್ಲುತ್ತದೆ. 1983ರಲ್ಲಿ ಅಮೆರಿಕದ ಸಂಶೋಧಕರು ಪಿಂಗಾಣಿಯ ಒಳಮೈಗೂ ಇದೇ ಉಪಾಯ ಮಾಡಿದರು. ಪಿಂಗಾಣಿ ಫಾಸ್ಫಾರಿಕ್ ಆಮ್ಲಕ್ಕೆ ಜಗ್ಗುವುದಿಲ್ಲವಾದ್ದರಿಂದ ಹೈಡ್ರೊಫ್ಲೋರಿಕ್ ಆಮ್ಲ ಬೇಕಾಯಿತು. ಎರಡೂ ಕಡೆ ಗುಳಿ, ನಡುವೆ ರಾಳದ ಸಿಮೆಂಟ್. ಇವತ್ತಿನ ವೆನೀರ್ ಎಂದರೆ ಇಷ್ಟೇ. ಕೈಯಲ್ಲಿ ಹಿಡಿದು ಒತ್ತಿದರೆ ಪಟ್ಟೆಂದು ಒಡೆಯುವ ಅರ್ಧ ಮಿಲಿಮೀಟರ್ ಪಿಂಗಾಣಿ, ಎನಾಮಲ್ಲಿಗೆ ಅಂಟಿದ ಮೇಲೆ ವರ್ಷಗಟ್ಟಲೆ ಕಚ್ಚುವ ಬಲವನ್ನು ತಡೆದುಕೊಳ್ಳುತ್ತದೆ.

ಇಲ್ಲಿ ಒಂದು ವಿಪರ್ಯಾಸ ಎದುರಾಗುತ್ತದೆ. ವೆನೀರ್ ಕೂರಿಸಲು ಜಾಗ ಬೇಕೆಂದು ನಾವು ತೇಯುವುದು ಎನಾಮಲ್ಲನ್ನು. ಅದೇ ವೆನೀರ್ ಉಳಿಯಲು ಬೇಕಾದದ್ದೂ ಎನಾಮಲ್ಲೇ. ಮೇಲಿನ ಬಾಚಿ ಹಲ್ಲಿನ ಮುಂಬದಿಯಲ್ಲಿ ಎನಾಮಲ್ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ. ಕಚ್ಚುವ ತುದಿಯ ಹತ್ತಿರ ಸುಮಾರು ಒಂದು ಮಿಲಿಮೀಟರ್, ವಸಡಿನತ್ತ ಹೋದಂತೆ ತೆಳುವಾಗಿ ಬುಡದ ಬಳಿ 0.3ರಿಂದ 0.4 ಮಿಲಿಮೀಟರ್, ಬೇರು ಶುರುವಾಗುವಲ್ಲಿ ಹೆಚ್ಚುಕಡಿಮೆ ಶೂನ್ಯ. ಈಗ ಡ್ರಿಲ್ ಎಲ್ಲೆಡೆ ಒಂದೇ ಸಮನೆ ಅರ್ಧ ಮಿಲಿಮೀಟರ್ ತೇಯ್ದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ಗಣಿತ ಬೇಡ. ತುದಿಯ ಕಡೆ ಎನಾಮಲ್ ಉಳಿಯುತ್ತದೆ, ಬುಡದ ಕಡೆ ಡೆಂಟಿನ್ ಬಯಲಾಗುತ್ತದೆ. ಹಸಿ ಡೆಂಟಿನ್ ಮೇಲೆ ರಾಳ ಎನಾಮಲ್ಲಿನಷ್ಟು ಭದ್ರವಾಗಿ ಹಿಡಿಯುವುದಿಲ್ಲ, ಹಿಡಿದದ್ದೂ ವರ್ಷಗಳು ಕಳೆದಂತೆ ನೀರಿನಿಂದ ಸಡಿಲವಾಗುತ್ತದೆ. ಮೇಲಾಗಿ ಡೆಂಟಿನ್ ಬಾಗುತ್ತದೆ, ಅದರ ಮೇಲಿನ ಪಿಂಗಾಣಿ ಬಾಗುವುದಿಲ್ಲ. ಈ ಹೊಂದಾಣಿಕೆ ತಪ್ಪಿದ ಕಡೆಯೇ ಬಿರುಕು ಹುಟ್ಟುತ್ತದೆ. ಹಲ್ಲಿನ ಕಾಣುವ ಭಾಗದ ಎಷ್ಟು ಪಾಲು ಹೋಗುತ್ತದೆ ಎಂದು 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್ಸನ್ ತೂಕ ಮಾಡಿ ನೋಡಿದ್ದರು. ಪೂರ್ತಿ ಕ್ಯಾಪ್‌ಗೆ ಶೇಕಡಾ 63ರಿಂದ 72ರಷ್ಟು ಹಲ್ಲು ಹೋಗುತ್ತಿತ್ತು. ವೆನೀರ್‌ಗಾದರೆ 3ರಿಂದ 30. ಕ್ಯಾಪ್‌ಗೆ ಹೋಲಿಸಿದರೆ ವೆನೀರ್ ಬಹಳ ಸೌಮ್ಯ ಎನ್ನುವುದಕ್ಕೆ ಈ ಅಂಕಿಗಳನ್ನು ಎತ್ತಿ ಹೇಳುವುದುಂಟು. ಆದರೆ 3 ಮತ್ತು 30ರ ನಡುವಿನ ಅಂತರವನ್ನೂ ಗಮನಿಸಬೇಕು. ಹಾಕಿಸಿಕೊಳ್ಳುವವರ ಪಾಲಿಗೆ ಯಾವುದು ಬರುತ್ತದೆ ಎನ್ನುವುದು ಹಲ್ಲಿನ ಸ್ಥಿತಿಯ ಮೇಲೂ ತೇಯುವ ಕೈಯ ಮೇಲೂ ನಿಂತಿದೆ.

ಬಾಳಿಕೆಯ ಅಂಕಿಅಂಶಗಳು ಇದನ್ನೇ ಹೇಳುತ್ತವೆ. ಇಸ್ತಾಂಬುಲ್‌ನ ಗಾಲಿಪ್ ಗುರೆಲ್ ಮತ್ತು ಸಂಗಡಿಗರು 580 ವೆನೀರ್‌ಗಳನ್ನು ಹನ್ನೆರಡು ವರ್ಷಗಳವರೆಗೆ ಹಿಂಬಾಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತೇಯುವಿಕೆ ಎನಾಮಲ್ಲಿನೊಳಗೇ ಉಳಿದ ಕಡೆ ಶೇಕಡಾ 99ರಷ್ಟು ವೆನೀರ್‌ಗಳು ಗಟ್ಟಿಯಾಗಿದ್ದವು. ಡೆಂಟಿನ್‌ಗೆ ಅಂಟಿಸಿದವು ಸೋಲುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಆಸ್ಟ್ರೇಲಿಯದ ಲೇಟನ್ ಮತ್ತು ವಾಲ್ಟನ್ 304 ವೆನೀರ್‌ಗಳ ಅಧ್ಯಯನದಲ್ಲಿ ಹತ್ತು ವರ್ಷದ ಹೊತ್ತಿಗೆ ಶೇಕಡಾ 93ರಷ್ಟು ಉಳಿದಿದ್ದವೆಂದು 2007ರಲ್ಲಿ ವರದಿ ಮಾಡಿದರು. ಕ್ಲಿನಿಕ್‌ನ ಜಾಹೀರಾತಿನಲ್ಲಿ ಕಾಣುವುದು ಇಂಥ ಅಂಕಿಗಳೇ. ಇನ್ನೊಂದು ಅಂಕಿ ಅಷ್ಟಾಗಿ ಕಾಣುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ದಂತಸೇವೆಯಡಿ ಸಾಮಾನ್ಯ ವೈದ್ಯರು ಹಾಕಿದ ಎರಡೂವರೆ ಸಾವಿರ ವೆನೀರ್‌ಗಳ ದಾಖಲೆಗಳನ್ನು ಬರ್ಕ್ ಮತ್ತು ಲುಕರೊಟ್ಟಿ ಜಾಲಾಡಿ 2009ರಲ್ಲಿ ಪ್ರಕಟಿಸಿದರು: ಹತ್ತು ವರ್ಷದಲ್ಲಿ ಮತ್ತೆ ಕೈಯಾಡಿಸದೆ ಉಳಿದದ್ದು ಶೇಕಡಾ 53 ಮಾತ್ರ. ಈ ಎರಡು ಬಗೆಯ ಅಂಕಿಗಳನ್ನು ನೇರವಾಗಿ ತೂಗುವುದು ನ್ಯಾಯವಲ್ಲ. ಮೊದಲಿನವು ನುರಿತ ತಜ್ಞರು ಹಲ್ಲುಗಳನ್ನು ಆರಿಸಿ ಮಾಡಿದ ಕೆಲಸ. ಎರಡನೆಯದರಲ್ಲಿ ಆ ಹಲ್ಲಿಗೆ ಮಾಡಿದ ಯಾವುದೇ ಮರುಚಿಕಿತ್ಸೆಯೂ ಲೆಕ್ಕಕ್ಕೆ ಬಂದಿದೆ. ಆದರೂ ಒಂದು ವಿಷಯ ಸ್ಪಷ್ಟ. ಪಿಂಗಾಣಿಯ ಗುಣಮಟ್ಟಕ್ಕಿಂತ ಹಲ್ಲಿನ ಆಯ್ಕೆ, ಉಳಿದ ಎನಾಮಲ್ ಮತ್ತು ಕೈಚಳಕ ಇವೇ ಬಾಳಿಕೆಯನ್ನು ನಿರ್ಧರಿಸುತ್ತವೆ. ವೆನೀರ್ ಎಷ್ಟೇ ಚೆನ್ನಾಗಿದ್ದರೂ ಒಂದಲ್ಲ ಒಂದು ದಿನ ಬದಲಿಸಬೇಕಾಗುತ್ತದೆ. ಪ್ರತಿ ಬದಲಾವಣೆಯಲ್ಲೂ ಹಳೆಯ ಸಿಮೆಂಟಿನೊಂದಿಗೆ ಇನ್ನಷ್ಟು ಹಲ್ಲು ಹೋಗುತ್ತದೆ. ಬ್ರಿಟನ್ನಿನ ರಿಚರ್ಡ್ ಎಲ್ಡರ್ಟನ್ ದಶಕಗಳ ಹಿಂದೆಯೇ ಈ ಚಕ್ರದ ಬಗ್ಗೆ ಎಚ್ಚರಿಸಿದ್ದರು: ಪ್ರತಿ ಮರುಚಿಕಿತ್ಸೆಯೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು ಎಪ್ಪತ್ತರವರೆಗೆ ಎಷ್ಟು ಸಲ ಈ ಚಕ್ರ ಸುತ್ತಬೇಕು ಎಂಬುದನ್ನು ಮೊದಲ ದಿನವೇ ಲೆಕ್ಕ ಹಾಕಬೇಕು.

ಹತ್ತು ಹಲ್ಲಿಗೆ ವೆನೀರ್ ಹಾಕುವುದಕ್ಕಿಂತ ಒಂದು ಹಲ್ಲಿಗೆ ಹಾಕುವುದು ಕಷ್ಟ ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಹತ್ತಕ್ಕೂ ಹಾಕಿದರೆ ಅವು ಒಂದಕ್ಕೊಂದು ಹೊಂದಿದರೆ ಸಾಕು. ಒಂದಕ್ಕೆ ಹಾಕಿದರೆ ಅದು ಪಕ್ಕದ ಅಸಲಿ ಹಲ್ಲಿಗೆ ಹೊಂದಬೇಕು. ಆ ಪಕ್ಕದ ಹಲ್ಲಾದರೋ ಒಂದೇ ಬಣ್ಣದ್ದಲ್ಲ. ತುದಿಯಲ್ಲಿ ನಸುನೀಲಿಯಾಗಿ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬುಡದಲ್ಲಿ ಡೆಂಟಿನ್ ಹಳದಿಯಾಗಿ ಇಣುಕುತ್ತದೆ, ನಡುವೆ ಸೂಕ್ಷ್ಮ ಗೆರೆಗಳು, ಏರಿಳಿತಗಳು. ಬಣ್ಣಗಳ ಅಂತರವನ್ನು ಅಳೆಯುವ ಸಿಐಇ ಲ್ಯಾಬ್ ಮಾಪನದಲ್ಲಿ 1.2ರಷ್ಟು ವ್ಯತ್ಯಾಸವಿದ್ದರೆ ನೋಡುವವರಲ್ಲಿ ಅರ್ಧ ಜನ ಅದನ್ನು ಗುರುತಿಸುತ್ತಾರೆ, 2.7 ಆದರೆ ಅರ್ಧ ಜನ ಒಪ್ಪುವುದಿಲ್ಲ. ಅಷ್ಟು ಸಣ್ಣ ಅಂತರದೊಳಗೆ ಮೂರು ಬಣ್ಣಗಳು ಸೇರಿ ಕೆಲಸ ಮಾಡಬೇಕು: ಪಿಂಗಾಣಿಯದು, ಸಿಮೆಂಟಿನದು, ಕೆಳಗಿರುವ ಹಲ್ಲಿನದು. ಕೆಳಗಿನ ಹಲ್ಲು ಕಪ್ಪಾಗಿದ್ದರೆ ಅದನ್ನು ಮುಚ್ಚಲು ಪಿಂಗಾಣಿ ದಪ್ಪವಾಗಬೇಕು, ದಪ್ಪವಾಗಬೇಕಾದರೆ ಹೆಚ್ಚು ತೇಯಬೇಕು, ಬೆಳಕು ದಾಟದಂತೆ ಮಾಡಿದರೆ ಹಲ್ಲಿನ ಜೀವಕಳೆ ಹೋಗುತ್ತದೆ. ಇನ್ನೊಂದು ಚಿಕ್ಕ ಸಂಗತಿ ಎಷ್ಟೋ ಕೆಲಸವನ್ನು ಕೆಡಿಸುತ್ತದೆ. ಬಾಯಿ ತೆರೆದು ಕೂತ ಕೆಲವೇ ನಿಮಿಷಗಳಲ್ಲಿ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಮತ್ತೆ ತನ್ನ ಅಸಲಿ ಬಣ್ಣಕ್ಕೆ ಮರಳಲು ಗಂಟೆಗಳು ಬೇಕು. ಹಾಗಾಗಿ ಬಣ್ಣದ ಮಾದರಿಗಳನ್ನು ಹಿಡಿದು ನೋಡುವುದು ಭೇಟಿಯ ಮೊದಲ ಕೆಲಸವಾಗಬೇಕು; ತೇಯ್ದ ಮೇಲೆ ನೋಡಿ ಆರಿಸಿದ ಬಣ್ಣ ಮರುದಿನ ಸುಳ್ಳಾಗುತ್ತದೆ. ಹೊಂದಿಕೆ ಸಿಕ್ಕಿತು ಎಂದೇ ಇಟ್ಟುಕೊಂಡರೂ ಅದು ಶಾಶ್ವತವಲ್ಲ. ವಯಸ್ಸಾದಂತೆ ಪಕ್ಕದ ಹಲ್ಲು ಹಳದಿಗೆ ತಿರುಗುತ್ತದೆ, ಪಿಂಗಾಣಿ ತಿರುಗುವುದಿಲ್ಲ. ವಸಡು ಹಿಂದೆ ಸರಿದರೆ ಪಿಂಗಾಣಿ ಮತ್ತು ಅದರಡಿಯ ಹಲ್ಲಿನ ನಡುವಿನ ಗಡಿ ಬಯಲಾಗುತ್ತದೆ.

ಇಷ್ಟೆಲ್ಲ ತೊಡಕಿರುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಆ ಒಂದೇ ಹಲ್ಲಿಗೆ ಹೀಗೇಕಾಯಿತು ಎನ್ನುವುದು. ಕಾರಣ ತಿಳಿದರೆ ಚಿಕಿತ್ಸೆ ತಾನಾಗಿ ಚಿಕ್ಕದಾಗುವುದುಂಟು. ನಮ್ಮಲ್ಲಿ ಹಲ್ಲಿನ ಮೇಲೆ ಕಲೆ ಎಂದ ಕೂಡಲೇ ಫ್ಲೋರೈಡ್ ನೀರಿನ ನೆನಪಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಗದಗದ ಮುಂಡರಗಿ ಭಾಗಗಳ ಕೊಳವೆಬಾವಿಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಆದರೆ ಫ್ಲೋರೈಡ್ ಕುಡಿಯುವ ನೀರಿನಿಂದ ಇಡೀ ದೇಹಕ್ಕೆ ಹೋಗುವಂಥದ್ದು. ಎಡಬಲದ ಜೋಡಿ ಹಲ್ಲುಗಳು ರೂಪುಗೊಳ್ಳುವುದು ಒಂದೇ ಕಾಲದಲ್ಲಾದ್ದರಿಂದ ಅದರ ಕಲೆಗಳೂ ಜೋಡಿಯಾಗಿ ಮೂಡುತ್ತವೆ. ಒಂದೇ ಹಲ್ಲಿನ ಮೇಲೆ ಮಾತ್ರ ಕಲೆಯಿದ್ದರೆ ಕಾರಣ ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿರುತ್ತದೆ: ಎರಡು ಮೂರು ವರ್ಷದಲ್ಲಿ ಹಾಲುಹಲ್ಲಿಗೆ ಬಿದ್ದ ಪೆಟ್ಟು ಇಲ್ಲವೇ ಅದರ ಬೇರಿನ ಕೀವು, ಒಳಗೆ ಬೆಳೆಯುತ್ತಿದ್ದ ಕಾಯಂ ಹಲ್ಲಿನ ಎನಾಮಲ್ಲನ್ನು ಕೆಡಿಸಿರುತ್ತದೆ. ಒಂದೇ ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗಿನ ನರ ಸತ್ತಿರಬಹುದು; ಹಳದಿಯಾಗಿ ಮಂಕಾಗಿದ್ದರೆ ನರದ ಕೋಣೆ ಸುಣ್ಣಗಟ್ಟಿ ತುಂಬಿಕೊಂಡಿರಬಹುದು. ಎಕ್ಸ್‌ರೇ ತೆಗೆಯದೆ, ನರ ಜೀವಂತವಾಗಿದೆಯೇ ಎಂದು ಪರೀಕ್ಷಿಸದೆ ಇದನ್ನು ಹೇಳಲಾಗದು. ಸತ್ತ ನರದ ಮೇಲೆ ಚಂದದ ಪಿಂಗಾಣಿ ಅಂಟಿಸಿದರೆ ಕೀವು ಒಳಗೊಳಗೇ ಬೆಳೆಯುತ್ತಿರುತ್ತದೆ.

ಬಿಳಿ ಮಚ್ಚೆಯನ್ನೇ ತೆಗೆದುಕೊಳ್ಳಿ. ಅದು ಮೇಲೆ ಅಂಟಿದ ಬಣ್ಣವಲ್ಲ, ಬೆಳಕಿನ ಆಟ. ಕಲ್ಲುಸಕ್ಕರೆಯ ಹರಳು ಪಾರದರ್ಶಕ, ಅದನ್ನೇ ಕುಟ್ಟಿ ಪುಡಿ ಮಾಡಿದರೆ ಅಚ್ಚ ಬಿಳಿ. ವಸ್ತು ಬದಲಾಗಿಲ್ಲ, ಕಣಗಳ ನಡುವೆ ಗಾಳಿ ಸೇರಿಕೊಂಡಿದೆ, ಅಷ್ಟೇ. ಗಾಳಿ ಮತ್ತು ಹರಳಿನ ಪ್ರತಿಯೊಂದು ಗಡಿಯಲ್ಲೂ ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ. ಎನಾಮಲ್ಲಿನ ಬಿಳಿ ಮಚ್ಚೆಯೂ ಇದೇ ತತ್ತ್ವದ್ದು. ಖನಿಜ ಕಡಿಮೆಯಾದ ಕಡೆ ಸೂಕ್ಷ್ಮ ರಂಧ್ರಗಳು, ಅವುಗಳೊಳಗೆ ನೀರು ಅಥವಾ ಗಾಳಿ. ಎನಾಮಲ್ಲಿನ ವಕ್ರೀಭವನ ಸೂಚ್ಯಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ಅಂತರ ಹೆಚ್ಚಿದಷ್ಟೂ ಚದುರುವಿಕೆ ಹೆಚ್ಚು. ಅದಕ್ಕೇ ಮಚ್ಚೆ ಒಣಗಿದಾಗ ಎದ್ದು ಕಾಣುತ್ತದೆ, ಒದ್ದೆಯಾದಾಗ ಮಂಕಾಗುತ್ತದೆ. ಕನ್ನಡಿಯ ಮುಂದೆ ನಿಂತು ಹಲ್ಲನ್ನು ಬಟ್ಟೆಯಿಂದ ಒರೆಸಿ ಯಾರು ಬೇಕಾದರೂ ನೋಡಬಹುದು. ಆ ರಂಧ್ರಗಳಲ್ಲಿ ಸೂಚ್ಯಂಕ 1.52ರ ಆಸುಪಾಸಿನ ತೆಳು ರಾಳವನ್ನು ತುಂಬಿದರೆ ಅಂತರ ಕಿರಿದಾಗಿ ಮಚ್ಚೆ ಕಣ್ಮರೆಯಾಗುತ್ತದೆ, ಇಲ್ಲವೇ ಬಹಳ ತಗ್ಗುತ್ತದೆ. ಜರ್ಮನಿಯ ಸಂಶೋಧಕರು ರೂಪಿಸಿದ ಈ ವಿಧಾನ 2009ರಲ್ಲಿ ಐಕಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆಮ್ಲ ಸವರಿ ಮೇಲ್ಪದರ ತೆರೆದು, ಒಣಗಿಸಿ, ರಾಳ ಇಳಿಸುವುದು. ಡ್ರಿಲ್ ಬೇಡ, ಸೂಜಿ ಬೇಡ, ಒಂದೇ ಭೇಟಿ. ಆಳದ ಮಚ್ಚೆಗಳಿಗೆ ಇದು ಪೂರ್ತಿ ಫಲ ಕೊಡದಿರಬಹುದು. ಮೇಲ್ಮೈಯ ಕಂದು ಕಲೆಗಾದರೆ ಆಮ್ಲ ಮತ್ತು ನುಣುಪು ಪುಡಿ ಸೇರಿಸಿ ತಿಕ್ಕುವ ಮೈಕ್ರೊಅಬ್ರೇಷನ್ ಇದೆ. ಅದೂ ತುಸು ಎನಾಮಲ್ ತೆಗೆಯುತ್ತದೆ, ಆದರೆ ವೆನೀರ್‌ಗೆ ತೆಗೆಯುವುದರ ಒಂದು ಚೂರು ಮಾತ್ರ.

ಕಂದಿದ ಹಲ್ಲಿಗೆ ಬ್ಲೀಚಿಂಗ್ ಮೊದಲ ಮೆಟ್ಟಿಲು. 1989ರಲ್ಲಿ ಹೇವುಡ್ ಮತ್ತು ಹೇಮನ್ ವಿವರಿಸಿದ ಪದ್ಧತಿಯಲ್ಲಿ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲನ್ನು ಹಲ್ಲಿನ ಅಚ್ಚಿನ ತಟ್ಟೆಯಲ್ಲಿಟ್ಟು ರಾತ್ರಿ ಹಾಕಿಕೊಂಡು ಮಲಗುವುದು. ಅದು ಸುಮಾರು ಶೇಕಡಾ 3.5ರ ಹೈಡ್ರೋಜನ್ ಪೆರಾಕ್ಸೈಡಾಗಿ ಒಡೆದು, ಹಲ್ಲಿನೊಳಗಿನ ಬಣ್ಣದ ಅಣುಗಳನ್ನು ಚೂರು ಮಾಡುತ್ತದೆ. ಕೆಲವು ದಿನ ಹಲ್ಲು ಜುಂ ಎನ್ನಬಹುದು, ವಸಡು ಉರಿಯಬಹುದು, ನಿಲ್ಲಿಸಿದರೆ ಹೋಗುತ್ತದೆ. ಒಂದೇ ಹಲ್ಲಿಗೆ ಸೀಮಿತವಾಗಿಯೂ ಇದನ್ನು ಮಾಡಬಹುದು. ರೂಟ್ ಕೆನಾಲ್ ಆಗಿ ಕಪ್ಪಾದ ಹಲ್ಲಿಗಂತೂ ಒಳಗಿನಿಂದಲೇ ಬ್ಲೀಚ್ ಮಾಡುವ ವಿಧಾನ 1960ರ ದಶಕದಿಂದಲೂ ಚಾಲ್ತಿಯಲ್ಲಿದೆ: ಹಿಂಬದಿಯ ತೂತಿನ ಮೂಲಕ ಸೋಡಿಯಂ ಪರ್‌ಬೋರೇಟ್ ಇಟ್ಟು ಮುಚ್ಚಿ, ಕೆಲವು ದಿನ ಬಿಟ್ಟು ಬದಲಿಸುವುದು. ಇದರಲ್ಲಿ ಬೇರಿನ ಬುಡ ಕರಗುವ ಒಂದು ಅಪರೂಪದ ಅಪಾಯವಿದೆ, ಪ್ರಬಲ ಪೆರಾಕ್ಸೈಡ್ ಮತ್ತು ಶಾಖ ಬಳಸಿದರೆ ಅದು ಹೆಚ್ಚುತ್ತದೆ. ಆ ಅಪಾಯ ಬಿಟ್ಟರೆ ಬ್ಲೀಚಿಂಗ್ ಸೋತರೂ ನಷ್ಟವೇನಿಲ್ಲ. ಬಣ್ಣ ಅರ್ಧ ಸುಧಾರಿಸಿದರೂ ಮುಂದೆ ಹಾಕುವ ವೆನೀರ್ ತೆಳುವಾಗಿದ್ದರೆ ಸಾಕಾಗುತ್ತದೆ. ಕ್ರಮ ಮಾತ್ರ ತಪ್ಪಬಾರದು. ಪಿಂಗಾಣಿ ಬ್ಲೀಚಿಗೆ ಬಗ್ಗುವುದಿಲ್ಲ, ಆದ್ದರಿಂದ ಉಳಿದ ಹಲ್ಲುಗಳನ್ನು ಬೆಳ್ಳಗೆ ಮಾಡಿಸುವ ಆಸೆಯಿದ್ದರೆ ಅದು ವೆನೀರ್‌ಗೆ ಮೊದಲೇ ಆಗಬೇಕು. ಬ್ಲೀಚಾದ ಕೂಡಲೇ ಅಂಟಿಸಲೂ ಬಾರದು. ಹಲ್ಲಿನಲ್ಲಿ ಉಳಿದ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ, ಒಂದೆರಡು ವಾರ ಕಾಯಬೇಕು.

ಚಕ್ಕೆ ಹಾರಿದ್ದರೆ, ಆಕಾರ ತುಸು ಕೆಟ್ಟಿದ್ದರೆ ಹಲ್ಲಿನ ಬಣ್ಣದ ಕಾಂಪೊಸಿಟ್ ಎಂಬ ರಾಳವಿದೆ. ವೈದ್ಯರು ಕುರ್ಚಿಯ ಪಕ್ಕದಲ್ಲೇ ಪದರಪದರವಾಗಿ ಕಟ್ಟಿ ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಹಲ್ಲನ್ನು ತೇಯಬೇಕಿಲ್ಲ, ತೇಯ್ದರೂ ಅಂಚಿನಲ್ಲಿ ಒಂದಿಷ್ಟು. ಖರ್ಚು ವೆನೀರ್‌ನ ಒಂದು ಸಣ್ಣ ಪಾಲು. ಇಲ್ಲಿ ಬರುವ ಆಕ್ಷೇಪ ನ್ಯಾಯವಾದದ್ದೇ: ಕಾಂಪೊಸಿಟ್ ಕಾಫಿ, ಚಹಾ, ಎಲೆ ಅಡಿಕೆಗೆ ಕಲೆ ಹಿಡಿಯುತ್ತದೆ, ಅಂಚು ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು, ಒಟ್ಟು ಖರ್ಚು ಕೂಡಿದರೆ ವೆನೀರ್ ಅಗ್ಗವೇ ಆಗಬಹುದಲ್ಲ? ಹಣದ ಲೆಕ್ಕದಲ್ಲಿ ಆಗಬಹುದು. ಹಲ್ಲಿನ ಲೆಕ್ಕದಲ್ಲಿ ಆಗುವುದಿಲ್ಲ. ಕಾಂಪೊಸಿಟ್ ಮುಕ್ಕಾದರೆ ಮುಕ್ಕಾದಷ್ಟನ್ನೇ ತೇಪೆ ಹಾಕಬಹುದು, ಕಲೆಯಾದರೆ ಪಾಲಿಷ್ ಮಾಡಬಹುದು. ಪಿಂಗಾಣಿ ಬಿರುಕು ಬಿಟ್ಟರೆ ಸಾಮಾನ್ಯವಾಗಿ ಇಡಿಯಾಗಿ ಬದಲಿಸಬೇಕು. ಕಾಂಪೊಸಿಟ್ ಸೋತ ದಿನ ಹಲ್ಲು ಹೆಚ್ಚುಕಡಿಮೆ ಮೊದಲಿನಂತೇ ಇರುತ್ತದೆ, ವೆನೀರ್ ಆಯ್ಕೆ ಆಗಲೂ ತೆರೆದಿರುತ್ತದೆ. ವೆನೀರ್ ಸೋತ ದಿನ ಕಾಂಪೊಸಿಟ್ ಕಟ್ಟಲು ಒಳ್ಳೆಯ ಎನಾಮಲ್ ಎಷ್ಟು ಉಳಿದಿರುತ್ತದೋ ಹೇಳಲಾಗದು. ಹದಿನೆಂಟರ ಹುಡುಗಿ ಕಾಂಪೊಸಿಟ್‌ನಲ್ಲಿ ಹತ್ತು ವರ್ಷ ಕಳೆದರೆ ಆ ಹೊತ್ತಿಗೆ ವಸಡು ತನ್ನ ಜಾಗದಲ್ಲಿ ನೆಲೆಗೊಂಡಿರುತ್ತದೆ, ನರದ ಕೋಣೆ ಕಿರಿದಾಗಿರುತ್ತದೆ, ಅಂಟು ಮತ್ತು ಪಿಂಗಾಣಿ ಇನ್ನೂ ಸುಧಾರಿಸಿರುತ್ತವೆ. ಕಾದದ್ದಕ್ಕೆ ಬೆಲೆ ಸಿಗುವ ಕೆಲವೇ ಚಿಕಿತ್ಸೆಗಳಲ್ಲಿ ಇದೊಂದು.

ಎರಡನೆಯ ಆಕ್ಷೇಪ: ಈಗ ತೇಯದೇ ಹಾಕುವ ಅತಿ ತೆಳು ವೆನೀರ್‌ಗಳಿವೆಯಲ್ಲ, ಮತ್ತೇಕೆ ಈ ಭಯ? ಇವೆ, ಸೂಕ್ತವಾದ ಕಡೆ ಅವು ಅತ್ಯುತ್ತಮ. ಹುಟ್ಟಿನಿಂದಲೇ ಚಿಕ್ಕದಾಗಿ ಗೂಟದಂತಿರುವ ಪಕ್ಕದ ಬಾಚಿ ಹಲ್ಲು, ಎರಡು ಹಲ್ಲುಗಳ ನಡುವಿನ ಸಂದು, ಸವೆದು ಗಿಡ್ಡವಾದ ತುದಿ ಇಂಥ ಕಡೆ ಹಲ್ಲಿಗೆ ಸೇರಿಸಬೇಕಾದದ್ದೇ ಹೆಚ್ಚು, ಕಳೆಯಬೇಕಾದದ್ದಿಲ್ಲ. ಆದರೆ ಗಾತ್ರ ಸರಿಯಿದ್ದು ಬಣ್ಣ ಮಾತ್ರ ಕೆಟ್ಟ ಹಲ್ಲಿನ ಮೇಲೆ ತೇಯದೆ ಪದರ ಸೇರಿಸಿದರೆ ಅದು ಪಕ್ಕದ್ದಕ್ಕಿಂತ ಉಬ್ಬಿ ನಿಲ್ಲುತ್ತದೆ. ಬುಡದಲ್ಲಿ ಮೆಟ್ಟಿಲಾಗಿ ಕೊಳೆ ಸೇರುತ್ತದೆ, ವಸಡು ಊದಿಕೊಳ್ಳುತ್ತದೆ. ತೆಳುವಾದ್ದರಿಂದ ಕಪ್ಪನ್ನು ಮುಚ್ಚುವ ಶಕ್ತಿಯೂ ಅದಕ್ಕಿಲ್ಲ. ಮೂರನೆಯ ಮಾತನ್ನು ಕೆಲವೊಮ್ಮೆ ಕ್ಲಿನಿಕ್‌ನಲ್ಲೇ ಕೇಳಬಹುದು: ಒಂದಕ್ಕೆ ಬಣ್ಣ ಹೊಂದಿಸುವುದು ಕಷ್ಟ, ಎರಡಕ್ಕೂ ಹಾಕಿಬಿಡೋಣ, ಆರಕ್ಕಾದರೆ ನಗುವೇ ಬದಲಾಗುತ್ತದೆ. ಕಷ್ಟ ಎನ್ನುವುದು ನಿಜ, ಮೇಲೆ ನೋಡಿದೆವು. ಆದರೆ ಆ ಕಷ್ಟ ವೈದ್ಯರದು ಮತ್ತು ಲ್ಯಾಬಿನದು. ಅದನ್ನು ಹಗುರ ಮಾಡಲು ಯಾವ ದೋಷವೂ ಇಲ್ಲದ ಹಲ್ಲನ್ನು ತೇಯುವುದಕ್ಕೆ ವೈದ್ಯಕೀಯ ಸಮರ್ಥನೆ ಸಿಗುವುದು ಅಪರೂಪ. ಲಂಡನ್ನಿನ ದಂತತಜ್ಞ ಮಾರ್ಟಿನ್ ಕೆಲ್ಲೆಹರ್ 2010ರಲ್ಲಿ ತಮ್ಮ ವೃತ್ತಿಬಾಂಧವರ ಮುಂದೆ ಒಂದು ಸರಳ ಪರೀಕ್ಷೆ ಇಟ್ಟರು: ಈ ಹಲ್ಲು ಸ್ವಂತ ಮಗಳದಾಗಿದ್ದರೆ ಇದೇ ಚಿಕಿತ್ಸೆ ಮಾಡುತ್ತಿದ್ದಿರಾ? ಕುರ್ಚಿಯಲ್ಲಿ ಕೂತವರೂ ಈ ಪ್ರಶ್ನೆಯನ್ನು ವೈದ್ಯರಿಗೆ ಧಾರಾಳವಾಗಿ ಕೇಳಬಹುದು.

ನಾಲ್ಕನೆಯ ಆಕ್ಷೇಪ ಮನಸ್ಸಿಗೆ ಸೇರಿದ್ದು. ಹಲ್ಲಿನ ಸಂಕೋಚದಲ್ಲಿ ವರ್ಷಗಟ್ಟಲೆ ನಗದೆ ಬದುಕುವುದಕ್ಕಿಂತ ಒಂದಿಷ್ಟು ಎನಾಮಲ್ ಹೋದರೆ ಹೋಗಲಿ ಎನ್ನುವವರಿದ್ದಾರೆ. ಆ ನೋವನ್ನು ಸಣ್ಣದು ಮಾಡುವಂತಿಲ್ಲ. ಎದುರಿಗಿದ್ದವರ ಕಣ್ಣಿಗೆ ಕಾಣದ ಮಚ್ಚೆಯೂ ಹೊತ್ತವರಿಗೆ ಭಾರವೇ. ಆದರೆ ಈ ವಾದ ಏನನ್ನಾದರೂ ಮಾಡಿಸಿಕೊಳ್ಳಿ ಎನ್ನುತ್ತದೆಯೇ ಹೊರತು ವೆನೀರನ್ನೇ ಎನ್ನುವುದಿಲ್ಲ. ರಾಳ ತುಂಬಿ ಮಚ್ಚೆ ಮಾಯವಾದರೆ, ಬ್ಲೀಚಿನಿಂದ ಬಣ್ಣ ತಿಳಿಯಾದರೆ ನಗು ಅಷ್ಟೇ ನಿರಾಳವಾಗಿ ಬರುತ್ತದೆ. ವೆನೀರೇ ಸರಿ ಎನ್ನುವ ಸಂದರ್ಭಗಳೂ ಇವೆ, ಅವನ್ನು ಅಂಜದೆ ಒಪ್ಪಬೇಕು. ಬ್ಲೀಚಿಗೂ ರಾಳಕ್ಕೂ ಜಗ್ಗದ ಆಳದ ಕಲೆ, ದೊಡ್ಡ ದೊಡ್ಡ ಹಳೆಯ ಫಿಲ್ಲಿಂಗ್‌ಗಳಿಂದ ತೇಪೆಯಾದ ಹಲ್ಲು, ಕಾಂಪೊಸಿಟ್ ಪದೇಪದೇ ಮುರಿಯುವಷ್ಟು ದೊಡ್ಡ ಮುರುಕು ಇಂಥ ಕಡೆ, ಮುಂಬದಿಯ ಎನಾಮಲ್ ಬಹುಪಾಲು ಉಳಿದಿದ್ದರೆ, ವಸಡು ಆರೋಗ್ಯವಾಗಿದ್ದರೆ, ವಯಸ್ಸು ಮಾಗಿದ್ದರೆ ಪಿಂಗಾಣಿಗಿಂತ ಚಂದದ ವಸ್ತು ಇನ್ನೂ ಬಂದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವವರು, ಮೇಲಿನ ಕೆಳಗಿನ ಬಾಚಿ ಹಲ್ಲುಗಳು ತುದಿಗೆ ತುದಿ ತಾಗುವವರು, ಉಗುರು ಕಚ್ಚುವವರು ಮೊದಲು ಆ ಸಮಸ್ಯೆಗೆ ಪರಿಹಾರ ಕಂಡುಕೊಳ್ಳಬೇಕು.

ಆದ್ದರಿಂದ ಡ್ರಿಲ್ ಕೈಗೆ ಬರುವ ಮೊದಲು ವೈದ್ಯರ ಮುಂದೆ ಕೆಲವು ಪ್ರಶ್ನೆ ಇಡಿ. ಈ ಒಂದು ಹಲ್ಲು ಹೀಗಾಗಲು ಕಾರಣವೇನು, ಎಕ್ಸ್‌ರೇ ಏನು ಹೇಳುತ್ತದೆ? ತೇಯದೆ ಮಾಡಬಹುದಾದ ಏನೇನಿದೆ, ಅದನ್ನು ಮೊದಲು ಮಾಡಿದರೆ ನಷ್ಟವೇನು? ವೆನೀರ್ ಆದರೆ ಎಷ್ಟು ತೇಯುತ್ತೀರಿ, ಎನಾಮಲ್ಲಿನೊಳಗೇ ಉಳಿಯುತ್ತೀರಾ? ತೇಯುವ ಮೊದಲು ತಾತ್ಕಾಲಿಕ ರಾಳದಲ್ಲಿ ಆಕಾರ ಕಟ್ಟಿ ಬಾಯಲ್ಲೇ ತೋರಿಸಬಲ್ಲಿರಾ? ಇದು ಹಾಳಾದ ದಿನ ಮುಂದಿನ ಹೆಜ್ಜೆ ಏನು? ಬಲ್ಲ ವೈದ್ಯರು ಇವಕ್ಕೆಲ್ಲ ಖುಷಿಯಿಂದ ಉತ್ತರಿಸುತ್ತಾರೆ. ಆತುರಪಡಿಸುವ, ರಿಯಾಯಿತಿ ಇವತ್ತಿಗೇ ಮುಗಿಯುತ್ತದೆ ಎನ್ನುವ ಕಡೆ ಎದ್ದು ಬಂದರೆ ಏನೂ ಕಳೆದುಕೊಳ್ಳುವುದಿಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಸರ್ಕಾರಿ ದಂತವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗದಲ್ಲೂ ಕೇಳಬಹುದು. ಕಲೆಯಿರುವ ಹಲ್ಲು ನಾಳೆಯೂ ಅಲ್ಲೇ ಇರುತ್ತದೆ, ವೆನೀರ್ ಮುಂದಿನ ವರ್ಷವೂ ಸಿಗುತ್ತದೆ. ಒಮ್ಮೆ ತೇಯ್ದ ಎನಾಮಲ್ ಮಾತ್ರ ಯಾವ ಬೆಲೆಗೂ ಮರಳಿ ಸಿಗುವುದಿಲ್ಲ.